ಪಿಯುಸಿ ಜೊತೆಗೆ ಒಂದು ವಿದೇಶಿ ಭಾಷೆ: ಕನ್ನಡದಿಂದಲೇ ಶುರು ಮಾಡಿ

ಎಸ್ಸೆಸ್ಸೆಲ್ಸಿ ರಿಸಲ್ಟ್ ಬಂದ ವಾರ ನನಗೆ ಬರುವ ಫೋನ್‌ಗಳಲ್ಲಿ ಅರ್ಧಕ್ಕರ್ಧ ಒಂದೇ ಪ್ರಶ್ನೆ. "ಮೇಡಂ, ಪಿಯುಸಿಲಿ ಫ್ರೆಂಚ್ ತಗೊಂಡ್ರೆ ಮಾರ್ಕ್ಸ್ ಜಾಸ್ತಿ ಬರುತ್ತಂತೆ, ಹೌದಾ?" ಕೇಳುವವರು ಹೆಚ್ಚಾಗಿ ಅಮ್ಮಂದಿರು. ಮಗಳೋ ಮಗನೋ ಪಕ್ಕದಲ್ಲೇ ನಿಂತಿರುವುದು ಗೊತ್ತಾಗುತ್ತದೆ. ನಾನು ಮೈಸೂರಿನಲ್ಲಿ ಮನೆಯಲ್ಲೇ ಮಕ್ಕಳಿಗೆ ಜರ್ಮನ್, ಫ್ರೆಂಚ್ ಹೇಳಿಕೊಡುತ್ತೇನೆ. ಜಪಾನೀಸ್ ಮೊದಲ ಹಂತ ಮಾತ್ರ. ಮಂಡ್ಯ, ಪಾಂಡವಪುರ, ಶ್ರೀರಂಗಪಟ್ಟಣದಿಂದಲೂ ಮಕ್ಕಳು ಬರುತ್ತಾರೆ. ಎರಡು ಮಾತು ಫೋನಿನಲ್ಲಿ ಹೇಳಿ ಮುಗಿಸುವ ವಿಷಯ ಇದಲ್ಲ. ಅದಕ್ಕೇ ಬರೆಯಲು ಕೂತೆ.

ಮೊದಲು: ಮಾರ್ಕ್ಸಿಗಾ, ಭಾಷೆಗಾ?

ರಾಜ್ಯದ ಪಿಯುಸಿಯಲ್ಲಿ ಎರಡು ಭಾಷೆ, ನಾಲ್ಕು ಐಚ್ಛಿಕ ವಿಷಯ, ಒಟ್ಟು 600 ಅಂಕ. ಒಂದು ಭಾಷೆ ಹೆಚ್ಚಿನವರಿಗೆ ಇಂಗ್ಲಿಷ್. ಉಳಿಯುವುದು ಒಂದೇ ಜಾಗ. ಕನ್ನಡ, ಹಿಂದಿ, ಸಂಸ್ಕೃತ, ಉರ್ದು, ತಮಿಳು, ಫ್ರೆಂಚ್ ಎಲ್ಲವೂ ಆ ಒಂದು ಜಾಗಕ್ಕೇ ಸ್ಪರ್ಧಿಗಳು. ಅಂದರೆ ಕಾಲೇಜಿನಲ್ಲಿ ಫ್ರೆಂಚ್ ತೆಗೆದುಕೊಂಡರೆ ಸಾಮಾನ್ಯವಾಗಿ ಜಾಗ ಬಿಡುವುದು ಕನ್ನಡವೇ.

ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ. ಮಗು ಕನ್ನಡ ಮಾಧ್ಯಮದಲ್ಲಿ ಓದಿದ್ದರೆ, ಇಲ್ಲವೇ ಕನ್ನಡ ಪುಸ್ತಕ ಕೈಗೆತ್ತಿಕೊಂಡು ಓದುವ ಅಭ್ಯಾಸ ಇದ್ದರೆ, ಕಾಲೇಜಿನಲ್ಲಿ ಕನ್ನಡವನ್ನೇ ಇಟ್ಟುಕೊಳ್ಳಿ. ವಿದೇಶಿ ಭಾಷೆಯನ್ನು ಹೊರಗೆ ಕಲಿಯಿರಿ. ಕನ್ನಡದ ವ್ಯಾಕರಣ ಗಟ್ಟಿ ಇದ್ದರೆ ಹೊಸ ಭಾಷೆಗೆ ಅದೇ ಏಣಿ. ಯಾಕೆ ಅಂತ ಮುಂದೆ ತೋರಿಸುತ್ತೇನೆ.

ಕಾಲೇಜಿನಲ್ಲೇ ಫ್ರೆಂಚ್ ತೆಗೆದುಕೊಳ್ಳುತ್ತೇವೆ ಅನ್ನುವವರು ಅಡ್ಮಿಷನ್‌ಗೆ ಮುಂಚೆ ಒಂದು ಪ್ರಶ್ನೆ ಕೇಳಿ: "ಪಾಠ ಮಾಡುವವರು ಯಾರು, ವಾರಕ್ಕೆ ಎಷ್ಟು ಪೀರಿಯಡ್?" ನಾನು ಪಿಯುಸಿಯಲ್ಲಿ ಫ್ರೆಂಚ್ ಓದಿದವಳು. ನಮ್ಮ ಕಾಲೇಜಿನಲ್ಲಿ ಮೊದಲ ನಾಲ್ಕು ತಿಂಗಳು ಮೇಷ್ಟ್ರೇ ಇರಲಿಲ್ಲ. ಆಮೇಲೆ ಬಂದವರು ನೋಟ್ಸ್ ಕೊಟ್ಟರು, ನಾವು ಬಾಯಿಪಾಠ ಮಾಡಿದೆವು. ತೊಂಬತ್ತರ ಮೇಲೆ ಮಾರ್ಕ್ಸ್ ಬಂತು. ಅದಾದ ಕೆಲವೇ ತಿಂಗಳಿಗೆ ದೇವರಾಜ ಮಾರುಕಟ್ಟೆಯಲ್ಲಿ ಹೂವಿನ ಸಾಲಿನಲ್ಲಿ ನಿಂತಿದ್ದೆ. ಪಕ್ಕದಲ್ಲಿ ಒಬ್ಬರು ವಯಸ್ಸಾದ ಫ್ರೆಂಚ್ ಹೆಂಗಸು ಮಲ್ಲಿಗೆ ಮಾರು ತೋರಿಸಿ "ಕೊಂಬ್ಯಾಂ?" ಅಂದರು. ಎಷ್ಟು ಅಂತ ಕೇಳುತ್ತಿದ್ದಾರೆ. ಆ ಪದವನ್ನು ನಾನು ಉತ್ತರ ಪತ್ರಿಕೆಯಲ್ಲಿ ಎಷ್ಟು ಸಲ ಬರೆದಿದ್ದೆನೋ. ಆದರೆ ಕಿವಿಗೆ ಅದು ಬಿದ್ದೇ ಇರಲಿಲ್ಲ. ನಾನು ಸುಮ್ನೆ ನಿಂತೆ. ಹೂವಿನವರು ಬೆರಳಲ್ಲಿ ರೇಟು ತೋರಿಸಿದರು, ವ್ಯಾಪಾರ ಮುಗಿಯಿತು. ಮನೆಗೆ ಬಂದು ಪುಸ್ತಕ ತೆಗೆದು ನೋಡಿ ಅತ್ತೆ. ಆ ದಿನದಿಂದ ನಾನು ಕಲಿತದ್ದು ಕಿವಿಯಿಂದ, ಬಾಯಿಂದ.

ಸಿಬಿಎಸ್‌ಇ ಶಾಲೆಯ ಮಕ್ಕಳಿಗೆ ಆಯ್ಕೆ ಜಾಸ್ತಿ. 11, 12ನೇ ತರಗತಿಗೆ ಫ್ರೆಂಚ್, ಜರ್ಮನ್, ಜಪಾನೀಸ್, ಸ್ಪ್ಯಾನಿಷ್ ಎಲ್ಲವೂ ಪಟ್ಟಿಯಲ್ಲಿವೆ. ಪಟ್ಟಿಯಲ್ಲಿ ಇರುವುದು ಬೇರೆ, ನಿಮ್ಮ ಶಾಲೆಯಲ್ಲಿ ಕಲಿಸುವವರು ಇರುವುದು ಬೇರೆ. ಅಲ್ಲೂ ಅದೇ ಪ್ರಶ್ನೆ ಕೇಳಿ.

ಯಾವ ಭಾಷೆ? ಕನ್ನಡದ ಪಕ್ಕದಲ್ಲಿಟ್ಟು ನೋಡಿ

ಪೇಟೆಯ ಕ್ಲಾಸುಗಳಲ್ಲಿ ಎಲ್ಲವನ್ನೂ ಇಂಗ್ಲಿಷ್ ಮೂಲಕ ಹೇಳಿಕೊಡುತ್ತಾರೆ. ಇಂಗ್ಲಿಷ್ ಅಷ್ಟು ಸಲೀಸಿಲ್ಲದ ಮಂಡ್ಯದ ಹುಡುಗ ಅಲ್ಲೇ ಹಿಂದೆ ಬೀಳುತ್ತಾನೆ. ತನಗೆ ಭಾಷೆ ಹತ್ತುವುದಿಲ್ಲ ಅಂದುಕೊಳ್ಳುತ್ತಾನೆ. ಅವನಿಗೆ ಹತ್ತದೇ ಇದ್ದದ್ದು ಇಂಗ್ಲಿಷ್, ಜಪಾನೀಸ್ ಅಲ್ಲ. ಒಂದು ವಾಕ್ಯ ನೋಡಿ.

ಮೈಸೂರಿನಿಂದ ಬೆಂಗಳೂರಿಗೆ ರೈಲಿನಲ್ಲಿ ಹೋಗುತ್ತೇನೆ.

ಜಪಾನೀಸಿನಲ್ಲಿ: ಮೈಸೂರು ಕರ ಬೆಂಗಳೂರು ಎ ದೆನ್ಶ ದೆ ಇಕಿಮಸ್.

'ಕರ' ಅಂದರೆ ಇಂದ. 'ಎ' ಅಂದರೆ ಗೆ. ದೆನ್ಶ ರೈಲು, 'ದೆ' ಅಂದರೆ 'ರೈಲಿನಲ್ಲಿ' ಅನ್ನುವಾಗಿನ ಅಲ್ಲಿ. ಇಕಿಮಸ್, ಹೋಗುತ್ತೇನೆ. ನಾವು ಪ್ರತ್ಯಯ ಹಚ್ಚುವ ಜಾಗದಲ್ಲೇ ಅವರೂ ಹಚ್ಚುತ್ತಾರೆ, ಕ್ರಿಯಾಪದ ಕೊನೆಗೆ ಬರುತ್ತದೆ. 'ನಾನು' ಅಂತ ಹೇಳಲೇಬೇಕು ಅಂತ ಇಬ್ಬರಿಗೂ ಇಲ್ಲ. ಪದ ಬದಲಾಯಿಸಿದರೆ ಸಾಕು, ವಾಕ್ಯ ಅದೇ. ಇದನ್ನೇ ಇಂಗ್ಲಿಷ್ ಮೂಲಕ ಮಾಡಿದರೆ ಪೂರ್ತಿ ತಲೆಕೆಳಗು ಮಾಡಿ ಮತ್ತೆ ನೆಟ್ಟಗೆ ಮಾಡಬೇಕು.

ಇನ್ನೂ ಹತ್ತಿರದ್ದು ಒಂದಿದೆ. ನಮ್ಮಲ್ಲಿ "ತಿಂದು ನೋಡು" ಅನ್ನುತ್ತೇವೆ. ಇಲ್ಲಿ ಕಣ್ಣಲ್ಲಿ ನೋಡುವ ಮಾತಲ್ಲ, ರುಚಿ ಹೇಗಿದೆ ಪರೀಕ್ಷಿಸು ಅಂತ. ಜಪಾನೀಸರೂ ಹಾಗೇ ಅನ್ನುತ್ತಾರೆ: "ತಬೆತೆ ಮಿತೆ". ತಬೆತೆ ಅಂದರೆ ತಿಂದು, ಮಿತೆ ಅಂದರೆ ನೋಡು. "ಬರ್ತೀನಿ ಅಂತ ಹೇಳಿದ" ಅನ್ನುವುದು "ಕುರು ತೊ ಇತ್ತ". ನಮ್ಮ 'ಅಂತ' ಅವರ 'ತೊ', ಅದೇ ಜಾಗ, ಅದೇ ಕೆಲಸ. ಇದನ್ನು ಮೊದಲ ಸಲ ಕಂಡಾಗ ನನ್ನ ಕ್ಲಾಸಿನ ಒಬ್ಬ ಹುಡುಗ ಪೆನ್ನು ಕೆಳಗಿಟ್ಟು "ಇದು ನಮ್ದೇ ಅಲ್ವಾ ಮೇಡಂ" ಅಂದ. ಅವನು ಇಂಗ್ಲಿಷ್ ವ್ಯಾಕರಣದ ಹೆಸರು ಕೇಳಿದರೆ ಬೆವರುತ್ತಿದ್ದ.

ನಮ್ಮ ಲಿಪಿಯೂ ಸಹಾಯಕ್ಕೆ ಬರುತ್ತದೆ. ಜಪಾನೀಸಿನಲ್ಲಿ ಒಬಸಾನ್ ಅಂದರೆ ಅತ್ತೆ, ಚಿಕ್ಕಮ್ಮ. ಒಬಾಸಾನ್ ಅಂದರೆ ಅಜ್ಜಿ. ಕಿತೆ ಅಂದರೆ ಬಾ, ಕಿತ್ತೆ ಅಂದರೆ ಅಂಚೆ ಚೀಟಿ. ದೀರ್ಘ, ಒತ್ತಕ್ಷರ ಎರಡೂ ಕನ್ನಡದಲ್ಲಿ ನೇರವಾಗಿ ಬರೆದುಕೊಳ್ಳಬಹುದು. ಕಷ್ಟ ಇರುವುದು ಬರಹದಲ್ಲಿ. ಹಿರಗಾನ 46 ಅಕ್ಷರ, ಕತಕಾನ 46, ಅದರ ಮೇಲೆ ಕಾಂಜಿ, ಅಂದರೆ ಚೀನಾದಿಂದ ಬಂದ ಅಕ್ಷರಗಳು. ಮೊದಲೆರಡು ಒಂದು ತಿಂಗಳಲ್ಲಿ ಕೈಗೆ ಬರುತ್ತವೆ. ಕಾಂಜಿ ವರ್ಷಗಟ್ಟಲೆ ಕೆಲಸ. ಇದನ್ನು ಮುಚ್ಚಿಟ್ಟು ಯಾರನ್ನೂ ಸೇರಿಸಿಕೊಳ್ಳಬಾರದು.

ಇನ್ನು ಜರ್ಮನ್. ಎಸ್ಸೆಸ್ಸೆಲ್ಸಿಗೆ ವಿಭಕ್ತಿ ಪ್ರತ್ಯಯ ಓದಿದ್ದೀರಲ್ಲ? ಜರ್ಮನ್‌ನಲ್ಲಿ ನಾಲ್ಕೇ ವಿಭಕ್ತಿ: ಪ್ರಥಮಾ, ದ್ವಿತೀಯಾ, ಚತುರ್ಥೀ, ಷಷ್ಠೀ. ಇಂಗ್ಲಿಷ್ ಮಾತ್ರ ಗೊತ್ತಿರುವವರಿಗೆ ಇದು ದೊಡ್ಡ ಗುಮ್ಮ. ನಿಮಗಲ್ಲ. "ನನಗೆ ಚಳಿ" ಅನ್ನಲು ಅವರು "ಮೀರ್ ಇಸ್ಟ್ ಕಾಲ್ಟ್" ಅನ್ನುತ್ತಾರೆ. ಮೀರ್ ಅಂದರೆ ನನಗೆ, ಚತುರ್ಥೀ. ಇಂಗ್ಲಿಷಿನಿಂದ ಹೊರಟ ಮಗು "ಇಶ್ ಬಿನ್ ಕಾಲ್ಟ್" ಅಂದುಬಿಡುತ್ತದೆ. ಅದಕ್ಕೆ ಅರ್ಥ ನಾನು ಮನಸ್ಸಿನಲ್ಲಿ ಬೆಚ್ಚಗಿಲ್ಲದ ಮನುಷ್ಯ ಅಂತ! "ನನಗೆ ಆ ಪುಸ್ತಕ ಇಷ್ಟ" ಅನ್ನುವುದೂ ಹೀಗೇ 'ಮೀರ್' ಇಂದಲೇ ಶುರು: "ಮೀರ್ ಗೆಫೆಲ್ಟ್ ದಸ್ ಬೂಖ್". ಹಾಗಾಗಿ ಜರ್ಮನ್ ಬರೆಯುವ ಮುಂಚೆ ಆ ಮಾತನ್ನು ಕನ್ನಡದಲ್ಲಿ ಹೇಗೆ ಅನ್ನುತ್ತೀರಿ ಅಂತ ಒಂದು ಸಲ ಕೇಳಿಕೊಳ್ಳಿ. ಎಲ್ಲ ಸಲವೂ ಹೊಂದುವುದಿಲ್ಲ, ಆದರೆ ಹೊಂದಿದಾಗ ಮರೆಯುವುದಿಲ್ಲ.

ಫ್ರೆಂಚ್‌ನಲ್ಲಿ ವಾಕ್ಯ ನಮ್ಮ ಹಾಗಿಲ್ಲ. ಆದರೆ ಮರ್ಯಾದೆ ನಮ್ಮ ಹಾಗೇ ಇದೆ. ನೀನು ಅನ್ನಲು ಒಂದು ಪದ, 'ತ್ಯು'. ನೀವು ಅನ್ನಲು 'ವೂ', ಹಿರಿಯರಿಗೂ ಅದೇ, ಹತ್ತು ಜನರಿಗೂ ಅದೇ. ಯಾರಿಗೆ ಯಾವುದು ಅಂತ ನಿಮಗೆ ಪಾಠ ಬೇಕಿಲ್ಲ. ಮನೆಗೆ ಬಂದ ಅಪರಿಚಿತರಿಗೆ ನೀವು ಅಂದೇ ಅನ್ನುತ್ತೀರಿ.

ಎರಡೂ ಕಡೆ ತೊಡಕಾಗುವುದು ಲಿಂಗ. ಕನ್ನಡದಲ್ಲಿ ಮೇಜು ಸುಮ್ಮನೆ 'ಅದು'. ಜರ್ಮನ್‌ನಲ್ಲಿ ಮೇಜು ಗಂಡು, ಫ್ರೆಂಚ್‌ನಲ್ಲಿ ಅದೇ ಮೇಜು ಹೆಣ್ಣು. ಇದಕ್ಕೆ ತರ್ಕ ಹುಡುಕಬೇಡಿ. ಪದ ಕಲಿಯುವಾಗಲೇ ಅದರ ಮುಂದಿನ ಸಣ್ಣ ಪದವನ್ನೂ ಸೇರಿಸಿ ಒಂದೇ ಉಸಿರಿಗೆ ಕಲಿಯಿರಿ. 'ಟಿಶ್' ಅಲ್ಲ, 'ದೇರ್ ಟಿಶ್'. 'ತಾಬ್ಲ್' ಅಲ್ಲ, 'ಲಾ ತಾಬ್ಲ್'.

ಕೊರಿಯನ್ ಧಾರಾವಾಹಿ ನೋಡಿ ಆ ಭಾಷೆ ಬೇಕು ಅನ್ನುವ ಹುಡುಗಿಯರು ಈಗ ತುಂಬಾ ಜನ. ಒಳ್ಳೆಯದೇ. ಅಲ್ಲೂ ಕ್ರಿಯಾಪದ ಕೊನೆಗೆ, ಪ್ರತ್ಯಯ ಹಿಂದೆ. ಇಷ್ಟಪಟ್ಟು ದಿನಾ ಕೇಳುವ ಭಾಷೆಯೇ ಕೊನೆಗೆ ಉಳಿಯುವುದು.

ಎಲ್ಲಿ ಕಲಿಯುವುದು

ಜರ್ಮನ್‌ಗೆ ಬೆಂಗಳೂರಿನ ಮ್ಯಾಕ್ಸ್ ಮುಲ್ಲರ್ ಭವನ, ಫ್ರೆಂಚ್‌ಗೆ ಅಲ್ಲಿನ ಅಲಿಯಾನ್ಸ್ ಫ್ರಾನ್ಸೇಸ್ ಹಳೆಯ, ನಂಬಬಹುದಾದ ಜಾಗಗಳು. ಎರಡರಲ್ಲೂ ಆನ್‌ಲೈನ್ ತರಗತಿ ಇವೆ. ಪಿಯುಸಿ ಮಾಡುತ್ತಾ ಪ್ರತಿ ಶನಿವಾರ ಮೈಸೂರಿನಿಂದ ರೈಲು ಹತ್ತಿ ಹೋಗಿ ಬರುವುದನ್ನು ನಾನು ಯಾರಿಗೂ ಹೇಳುವುದಿಲ್ಲ. ಪರೀಕ್ಷೆಗೆ ಮಾತ್ರ ಹೋಗಿ. ಮೈಸೂರಿನಲ್ಲಾದರೆ ವಿಶ್ವವಿದ್ಯಾಲಯದ ಮಾನಸಗಂಗೋತ್ರಿಯಲ್ಲಿ ಈ ವರ್ಷ ಯಾವ ವಿದೇಶಿ ಭಾಷೆಯ ಸರ್ಟಿಫಿಕೇಟ್ ಕೋರ್ಸ್ ನಡೆಯುತ್ತಿದೆ ಅಂತ ಖುದ್ದಾಗಿ ವಿಚಾರಿಸಿ.

ಖಾಸಗಿ ಕ್ಲಾಸಿಗೆ ಸೇರುವ ಮುಂಚೆ ಒಂದು ದಿನ ಕೂತು ನೋಡಲು ಬಿಡಿ ಅಂತ ಕೇಳಿ. ಒಂದು ಗಂಟೆಯಲ್ಲಿ ಮಕ್ಕಳ ಬಾಯಿಂದ ಎಷ್ಟು ಮಾತು ಬಂತು ಅಂತ ಎಣಿಸಿ. ಮೇಷ್ಟ್ರೇ ಪೂರ್ತಿ ಮಾತಾಡಿದರೆ ಬೇರೆ ಕಡೆ ನೋಡಿ. ಅವರು ಯಾವ ಹಂತ ಪಾಸಾಗಿದ್ದಾರೆ ಅಂತ ಕೇಳುವುದಕ್ಕೂ ಸಂಕೋಚ ಬೇಡ. ಯುರೋಪಿನ ಭಾಷೆಗಳಿಗೆ ಎ1, ಎ2, ಬಿ1, ಬಿ2, ಸಿ1, ಸಿ2 ಅಂತ ಆರು ಮೆಟ್ಟಿಲು. ಕಲಿಸುವವರು ಕಡೇಪಕ್ಷ ಬಿ2 ದಾಟಿರಬೇಕು. ಜಪಾನೀಸಿಗೆ ಮೆಟ್ಟಿಲು ಉಲ್ಟಾ: ಎನ್5 ಕೆಳಗಿನದು, ಎನ್1 ಮೇಲಿನದು.

ದುಡ್ಡು ಕಟ್ಟಲು ಆಗದವರು ನಿಲ್ಲಬೇಕಿಲ್ಲ. ಜರ್ಮನಿಯ ಡಾಯ್ಚೆ ವೆಲ್ಲೆ, ಜಪಾನಿನ ಎನ್‌ಎಚ್‌ಕೆ ವರ್ಲ್ಡ್, ಫ್ರಾನ್ಸಿನ ಆರ್‌ಎಫ್‌ಐ, ಟಿವಿ5 ಮೊಂದ್ ಎಲ್ಲವೂ ಪಾಠಗಳನ್ನು ಬಿಟ್ಟಿಯಾಗಿ ಕೊಡುತ್ತವೆ. ಎ1 ತನಕ ಇವುಗಳಿಂದಲೇ ಹೋಗಬಹುದು. ತಿದ್ದುವವರು ಒಬ್ಬರು ವಾರಕ್ಕೊಮ್ಮೆ ಸಿಕ್ಕರೆ ಸಾಕು.

ಎರಡು ವರ್ಷವನ್ನು ಹೀಗೆ ಹಂಚಿಕೊಳ್ಳಿ

ದಿನಕ್ಕೆ 40 ನಿಮಿಷ, ವರ್ಷದಲ್ಲಿ 200 ದಿನ. ಲೆಕ್ಕ ಹಾಕಿದರೆ ಸುಮಾರು 133 ಗಂಟೆ. ಎ1ಗೆ ಇದು ಆರಾಮಾಗಿ ಸಾಕು. ಭಾನುವಾರ ಐದು ಗಂಟೆ ಒಟ್ಟಿಗೆ ಕೂತರೆ ಈ ಫಲ ಬರುವುದಿಲ್ಲ, ಸೋಮವಾರದ ಹೊತ್ತಿಗೆ ಅರ್ಧ ಹೋಗಿರುತ್ತದೆ.

ಹೆಚ್ಚಿನ ಕೆಲಸ ಫಸ್ಟ್ ಪಿಯುಸಿಯಲ್ಲೇ ಮುಗಿಸಿ. ಮೊದಲ ತಿಂಗಳು ಅಕ್ಷರ, ಉಚ್ಚಾರ. ದಸರಾ ರಜೆಯ ಹೊತ್ತಿಗೆ ನಿಮ್ಮ ಬಗ್ಗೆ ಹತ್ತು ವಾಕ್ಯ ನಿಲ್ಲಿಸದೆ ಹೇಳಬೇಕು. ಬೇಸಿಗೆಯಲ್ಲಿ ಮೊದಲ ಪರೀಕ್ಷೆ ಬರೆಯಿರಿ.

ಸೆಕೆಂಡ್ ಪಿಯುಸಿ ಬಂದ ಮೇಲೆ ಹೊಸ ಪಾಠ ಕಡಿಮೆ ಮಾಡಿ. ಡಿಸೆಂಬರ್‌ನಿಂದ ಬೋರ್ಡ್ ಪರೀಕ್ಷೆ, ಸಿಇಟಿ ಮುಗಿಯುವ ತನಕ ದಿನಕ್ಕೆ 15 ನಿಮಿಷ ಕೇಳುವುದು ಮಾತ್ರ. ಬಸ್ಸಿನಲ್ಲಿ, ಕಿವಿಗೆ ಇಯರ್‌ಫೋನ್ ಹಾಕಿಕೊಂಡು. ಪೂರ್ತಿ ಬಿಡಬೇಡಿ. ಬಿಟ್ಟವರು ಮೇ ತಿಂಗಳಲ್ಲಿ ಮತ್ತೆ ಮೊದಲಿಂದ ಶುರು ಮಾಡಿದ್ದನ್ನು ನೋಡಿದ್ದೇನೆ. ಸೈನ್ಸ್ ತೆಗೆದುಕೊಂಡ ಮಕ್ಕಳ ತಂದೆತಾಯಿಗೂ ಒಂದು ಮಾತು: ಆ 15 ನಿಮಿಷವನ್ನೂ ಕಿತ್ತುಕೊಳ್ಳಬೇಡಿ. ಇಡೀ ದಿನ ಲೆಕ್ಕ ಮಾಡಿದ ತಲೆಗೆ ಅದೇ ಬಿಡುವು.

ನೋಟ್‌ಬುಕ್

ನನ್ನ ಮಕ್ಕಳಿಗೆಲ್ಲ 200 ಪುಟದ ಒಂದು ಲಾಂಗ್ ಬುಕ್ ತರಿಸುತ್ತೇನೆ. ಎಡಪುಟದಲ್ಲಿ ಆ ಭಾಷೆಯ ವಾಕ್ಯ, ಅದರ ಕೆಳಗೆ ಪೆನ್ಸಿಲ್‌ನಲ್ಲಿ ಕನ್ನಡ ಅಕ್ಷರದಲ್ಲಿ ಉಚ್ಚಾರ. ಬಲಪುಟದಲ್ಲಿ ಅದರ ಅರ್ಥ, ನಾವು ಮನೆಯಲ್ಲಿ ಆಡುವ ಕನ್ನಡದಲ್ಲಿ. ಪುಸ್ತಕದ ಕನ್ನಡ ಬೇಡ. "ನಾನು ಆಗಮಿಸುತ್ತೇನೆ" ಅಂತ ಬರೆದರೆ ಹೊಡೆದು ಹಾಕುತ್ತೇನೆ. "ಬರ್ತೀನಿ" ಅಂತ ಬರೆಯಲಿ. ಪ್ರತಿದಿನ ರಾತ್ರಿ ಎಡಪುಟ ಮುಚ್ಚಿ, ಬಲಪುಟ ನೋಡಿ, ಗಟ್ಟಿಯಾಗಿ ಹೇಳಬೇಕು. ಮನಸ್ಸಿನಲ್ಲಿ ಹೇಳಿಕೊಂಡದ್ದು ಲೆಕ್ಕಕ್ಕಿಲ್ಲ.

ಪೆನ್ಸಿಲ್ ಯಾಕೆ ಅಂದರೆ, ಆರು ವಾರದ ನಂತರ ಆ ಕನ್ನಡ ಉಚ್ಚಾರವನ್ನು ರಬ್ಬರ್‌ನಿಂದ ಅಳಿಸಬೇಕು. ಕನ್ನಡ ಲಿಪಿ ಬಾಗಿಲ ತನಕ ತಂದು ಬಿಡುತ್ತದೆ, ಒಳಗೆ ಹೋಗಬೇಕಾದವರು ನಾವು. ಕೆಲವು ಸದ್ದು ನಮ್ಮ ಅಕ್ಷರಕ್ಕೆ ಸಿಗುವುದೇ ಇಲ್ಲ. ಜರ್ಮನ್‌ನಲ್ಲಿ ಮೇಲೆ ಎರಡು ಚುಕ್ಕಿ ಇರುವ 'ಉ' ಇದೆ. ಕನ್ನಡಿ ಮುಂದೆ ನಿಂತು "ಈ" ಅನ್ನಿ. ಸದ್ದು ನಿಲ್ಲಿಸದೆ, ನಾಲಿಗೆ ಅಲ್ಲಾಡಿಸದೆ, ತುಟಿ ಮಾತ್ರ "ಊ" ಅನ್ನುವಂತೆ ಮುಂದೆ ತನ್ನಿ. ಬಂತಲ್ಲ, ಅದೇ. ಫ್ರೆಂಚ್‌ನ 'ತ್ಯು' ಅಂತ ಮೇಲೆ ಬರೆದೆನಲ್ಲ, ಅಲ್ಲಿರುವುದೂ ಇದೇ ಸದ್ದು.

ಬಾಯಿ ಬಿಡುವ ಜಾಗಗಳು

ಮೈಸೂರಿನವರಿಗೆ ಇರುವ ಅನುಕೂಲ ಎಷ್ಟೋ ಊರಿನವರಿಗಿಲ್ಲ. ಗೋಕುಲಂನಲ್ಲಿ ಯೋಗ ಕಲಿಯಲು ಎಲ್ಲೆಲ್ಲಿಂದಲೋ ಜನ ಬಂದು ತಿಂಗಳುಗಟ್ಟಲೆ ಇರುತ್ತಾರೆ. ಅರಮನೆ, ಮಾರುಕಟ್ಟೆ, ಶ್ರೀರಂಗಪಟ್ಟಣದ ದರಿಯಾ ದೌಲತ್, ಎಲ್ಲ ಕಡೆ ಪ್ರವಾಸಿಗರು. ಒಬ್ಬೊಬ್ಬರೇ ಹೋಗಬೇಡಿ, ಗೆಳೆಯರ ಜೊತೆ ಹೋಗಿ. ಮೊದಲು "ನಿಮ್ಮ ಭಾಷೆ ಕಲಿಯುತ್ತಿದ್ದೇನೆ, ಎರಡು ನಿಮಿಷ ಮಾತಾಡಬಹುದಾ?" ಅಂತ ಅವರ ಭಾಷೆಯಲ್ಲೇ ಕೇಳಿ. ಬೇಡ ಅಂದರೆ ಥ್ಯಾಂಕ್ಸ್ ಹೇಳಿ ಬನ್ನಿ. ಫೋನ್ ನಂಬರ್ ಕೊಡಬೇಡಿ, ಕೇಳಲೂಬೇಡಿ.

ಹೇಳಲು ವಿಷಯ ಇರಬೇಕಲ್ಲ? ನಿಮ್ಮ ಊರನ್ನೇ ಹಿಡಿಯಿರಿ. ಪಾಂಡವಪುರದ ಹುಡುಗಿಗೆ ನಾನು ಕೊಟ್ಟ ಮೊದಲ ಫ್ರೆಂಚ್ ಪಾಠ ಅವಳ ಊರಿನ ಹಳೆಯ ಹೆಸರು. ಹೈದರ್, ಟಿಪ್ಪು ಕಾಲದಲ್ಲಿ ಅವರ ಕೈಕೆಳಗಿದ್ದ ಫ್ರೆಂಚ್ ಸೈನಿಕರು ಅಲ್ಲಿ ಬೀಡುಬಿಟ್ಟಿದ್ದರಿಂದ ಅದಕ್ಕೆ ಫ್ರೆಂಚ್ ರಾಕ್ಸ್ ಅಂತಲೇ ಹೆಸರಿತ್ತು. ನಾಲ್ಕು ಸಣ್ಣ ವಾಕ್ಯದಲ್ಲಿ ಅವಳು ಅದನ್ನು ಹೇಳಲು ಕಲಿತಳು. ಯಾವ ಫ್ರೆಂಚ್ ಪ್ರವಾಸಿ ಅದನ್ನು ಕೇಳಿ ಸುಮ್ಮನೆ ಹೋಗುತ್ತಾನೆ ಹೇಳಿ? ಮಂಡ್ಯದವರಾದರೆ ಆಲೆಮನೆ ಬಗ್ಗೆ ಹೇಳಿ. ಕಬ್ಬು ಅರೆಯುವುದು, ರಸ ಕುದಿಸುವುದು, ಅಚ್ಚಿಗೆ ಹುಯ್ಯುವುದು. ಮೂರು ಕ್ರಿಯಾಪದ ಅಲ್ಲೇ ಸಿಗುತ್ತವೆ.

ಪರೀಕ್ಷೆ ಮತ್ತು ಆಮೇಲೆ

ಜರ್ಮನ್ ಎ1: 100ಕ್ಕೆ 60 ಬೇಕು. ಮಾತಿನ ಭಾಗದಲ್ಲಿ ಮೊದಲು ನಿಮ್ಮ ಪರಿಚಯ: ಹೆಸರು, ವಯಸ್ಸು, ದೇಶ, ಊರು, ಭಾಷೆ, ಕೆಲಸ, ಹವ್ಯಾಸ. ಆಮೇಲೆ ಯಾವುದಾದರೂ ಪದ ಅಕ್ಷರ ಅಕ್ಷರವಾಗಿ ಹೇಳಿ ಅನ್ನುತ್ತಾರೆ, ಒಂದು ನಂಬರ್ ಹೇಳಿ ಅನ್ನುತ್ತಾರೆ. ಇಲ್ಲೇ ಮಕ್ಕಳು ತಡವರಿಸುವುದು. ಜರ್ಮನ್‌ನಲ್ಲಿ 21 ಅಂದರೆ 'ಒಂದು ಮತ್ತು ಇಪ್ಪತ್ತು'. ನಿಮ್ಮ ಊರಿನ ಹೆಸರು, ಮನೆಯ ಪಿನ್‌ಕೋಡ್ ಎರಡನ್ನೂ ನಿದ್ದೆಯಲ್ಲಿ ಕೇಳಿದರೂ ಹೇಳುವ ಹಾಗೆ ಮಾಡಿಕೊಳ್ಳಿ.

ಫ್ರೆಂಚ್‌ಗೆ ಡೆಲ್ಫ್ ಅನ್ನುವ ಪರೀಕ್ಷೆ. ಕೇಳುವುದು, ಓದುವುದು, ಬರೆಯುವುದು, ಮಾತಾಡುವುದು, ಒಂದೊಂದಕ್ಕೆ 25. ಒಟ್ಟು 50 ಬಂದರೆ ಪಾಸು, ಆದರೆ ಯಾವುದರಲ್ಲೂ 5ಕ್ಕಿಂತ ಕೆಳಗೆ ಇಳಿಯಬಾರದು. ಶಾಲಾ ಮಕ್ಕಳಿಗೆ ಇದರದ್ದೇ ಜೂನಿಯರ್ ರೂಪ ಇದೆ. ಸರ್ಟಿಫಿಕೇಟಿನ ಬೆಲೆ ಎರಡಕ್ಕೂ ಒಂದೇ, ಅದಕ್ಕೆ ಅವಧಿ ಮುಗಿಯುವುದೂ ಇಲ್ಲ.

ಜಪಾನೀಸಿನ ಪರೀಕ್ಷೆ ಜೆಎಲ್‌ಪಿಟಿ ಜುಲೈ ಮತ್ತು ಡಿಸೆಂಬರ್‌ನ ಮೊದಲ ಭಾನುವಾರ. ಬೆಂಗಳೂರಿನಲ್ಲಿ ಕೇಂದ್ರ ಇದೆ. ಎನ್5ಗೆ 180ಕ್ಕೆ 80 ಬೇಕು. ಇದರಲ್ಲಿ ಮಾತಿನ ಪರೀಕ್ಷೆಯೇ ಇಲ್ಲ, ಹಾಗಾಗಿ ಎನ್5 ಪಾಸಾಗಿಯೂ ಬಾಯಿ ಬಾರದವರು ಇದ್ದಾರೆ. ಅರ್ಜಿ ಹಲವು ತಿಂಗಳು ಮುಂಚೆಯೇ ತುಂಬಬೇಕು. ಜುಲೈ ಪರೀಕ್ಷೆಯ ಅರ್ಜಿ ನಿಮ್ಮ ಬೋರ್ಡ್ ಪರೀಕ್ಷೆಯ ಆಸುಪಾಸಿನಲ್ಲೇ ಬರುತ್ತದೆ. ಆ ಗಲಾಟೆಯಲ್ಲಿ ಮರೆತು ಆರು ತಿಂಗಳು ಕಳೆದುಕೊಳ್ಳಬೇಡಿ. ಅಪ್ಪನಿಗೋ ಅಕ್ಕನಿಗೋ ಆ ಜವಾಬ್ದಾರಿ ವಹಿಸಿ.

"ಮೂರು ತಿಂಗಳಲ್ಲಿ ಜರ್ಮನಿಗೆ ಕಳಿಸ್ತೀವಿ" ಅನ್ನುವವರ ಕೈಗೆ ದುಡ್ಡು ಕೊಡಬೇಡಿ. ಎ1 ಇಟ್ಟುಕೊಂಡು ಕೆಲಸ ಸಿಗುವುದಿಲ್ಲ. ಜರ್ಮನಿಯಲ್ಲಿ ನರ್ಸ್ ಆಗಲು, ಇಲ್ಲವೇ ಅಲ್ಲಿ ಕೆಲಸ ಮಾಡುತ್ತಲೇ ಕಲಿಯುವ ಔಸ್‌ಬಿಲ್ಡುಂಗ್ ಸೇರಲು ಸಾಮಾನ್ಯವಾಗಿ ಬಿ1, ಬಿ2 ಬೇಕು. ಜಪಾನ್ 2019ರಲ್ಲಿ ಶುರು ಮಾಡಿದ ನುರಿತ ಕೆಲಸಗಾರರ ವೀಸಾಗೆ ಎನ್4 ಮಟ್ಟದ ಭಾಷೆ, ಜೊತೆಗೆ ಕೆಲಸದ ಪರೀಕ್ಷೆ. ಭಾಷೆಯನ್ನೇ ಡಿಗ್ರಿಯಾಗಿ ಓದುವ ಆಸೆ ಇದ್ದರೆ ಹೈದರಾಬಾದಿನ ಇಫ್ಲು (ಇಂಗ್ಲಿಷ್ ಮತ್ತು ವಿದೇಶಿ ಭಾಷೆಗಳ ವಿಶ್ವವಿದ್ಯಾಲಯ), ದೆಹಲಿಯ ಜೆಎನ್‌ಯು ವಿಶ್ವವಿದ್ಯಾಲಯಗಳಲ್ಲಿ ಪಿಯುಸಿ ನಂತರ ಬಿಎ ಇದೆ. ಅದಕ್ಕೆ ಸಿಯುಇಟಿ ಅನ್ನುವ ಪ್ರವೇಶ ಪರೀಕ್ಷೆ ಬರೆಯಬೇಕು. ಆರ್ಟ್ಸ್ ಮಕ್ಕಳಿಗೆ ಈ ದಾರಿ ಗೊತ್ತೇ ಇರುವುದಿಲ್ಲ, ದಯವಿಟ್ಟು ಹೇಳಿ.

ಪರೀಕ್ಷೆಗೆ ಬೆಂಗಳೂರಿಗೆ ಹೋಗುವಾಗ ಆಗುವುದಾದರೆ ಹಿಂದಿನ ದಿನವೇ ಹೋಗಿ ನೆಂಟರ ಮನೆಯಲ್ಲಿ ಉಳಿಯಿರಿ. ಗುರುತಿನ ಚೀಟಿ ಮೂಲಪ್ರತಿಯೇ ಇರಲಿ. ಜೆಎಲ್‌ಪಿಟಿಗೆ ಎಚ್‌ಬಿ ಪೆನ್ಸಿಲ್ ಎರಡು, ರಬ್ಬರ್ ಒಂದು. ಮಾತಿನ ಪರೀಕ್ಷೆಗೆ ಕೊಠಡಿಯ ಹೊರಗೆ ಕಾಯುವಾಗ ನೋಟ್ಸ್ ತೆರೆಯಬೇಡಿ. ಗೆಳತಿಯ ಜೊತೆ ಆ ಭಾಷೆಯಲ್ಲೇ ಏನಾದರೂ ಮಾತಾಡುತ್ತಿರಿ, ತಪ್ಪಾದರೂ ಪರವಾಗಿಲ್ಲ. ಒಳಗೆ ಕರೆದಾಗ ಬಾಯಿ ಆಗಲೇ ತೆರೆದಿರುತ್ತದೆ.